ಕೀಲೆಣ್ಣೆಯಿಂದ ಗೇರ್ ಆಯಿಲ್‌ವರೆಗೆ

(1/6)
ಎತ್ತಿನ ಬಂಡಿ ಇದ್ದ ಮನೆಯವರಿಗೆ ಕೀಲೆಣ್ಣೆ ಅಂದ್ರೇನು ಅಂತ ಹೇಳಬೇಕಾಗಿಲ್ಲ. ಬಂಡಿ ಊರು ಬಿಡೋ ಮೊದಲು ಅಚ್ಚಿಗೆ ಎಣ್ಣೆ ಬೀಳಬೇಕು. ಇಲ್ಲಾಂದ್ರ ಗಾಲಿ ಕಿರುಗುಡ್ತದ, ಅಚ್ಚು ಸವೀತದ. ಔಡಲ ಎಣ್ಣೆ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು: ದಪ್ಪ, ಜಿಗುಟು, ಲೋಹಕ್ಕೆ ಹಿಡಿದರೆ ಬಿಡೂದಿಲ್ಲ. ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್‌ಗೂ ಇದೇ ಎಣ್ಣೆ ಹಾಕ್ತಿದ್ರು. 1909ರಲ್ಲಿ ಬಂದ ‘ಕ್ಯಾಸ್ಟ್ರಾಲ್’ ಅನ್ನೋ ಹೆಸರು ಕೂಡ ಔಡಲದ ಇಂಗ್ಲಿಷ್ ಹೆಸರು ‘ಕ್ಯಾಸ್ಟರ್’ನಿಂದಲೇ ಹುಟ್ಟಿದ್ದು. ಇವತ್ತು ಹಳೇ ಅಂಬಾಸಿಡರ್‌ನ ಗೇರ್ ಬಾಕ್ಸಿಗೆ ನಾವು ಹಾಕೋದೂ ಒಂದು ಕೀಲೆಣ್ಣೆನೇ. ಆದರೆ ಯಾವ ಕೀಲಿಗೆ ಯಾವ ಎಣ್ಣೆ ಅನ್ನೋದು ತಪ್ಪಿದ್ರೆ, ಹಾಕಿದ ಎಣ್ಣೆನೇ ಗೇರ್ ಬಾಕ್ಸಿಗೆ ಮುಳುವಾಗ್ತದ.

(2/6)
ಸ್ವಲ್ಪ ಹಿಂದಕ್ಕೆ ಹೋಗೋಣ್ರಿ. ಕಲಬುರಗಿ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗ. 1932ರಲ್ಲಿ ನಿಜಾಮರ ರೈಲ್ವೆ 27 ಬಸ್ಸುಗಳಿಂದ ರಸ್ತೆ ಸಾರಿಗೆ ಶುರು ಮಾಡಿತು. ಮುಂದೆ 1942ರಲ್ಲಿ ಹಿಂದುಸ್ತಾನ್ ಮೋಟಾರ್ಸ್, 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿದವು. 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದಾದ ಮೇಲೆ ಸ್ವಲ್ಪ ದಿನಕ್ಕೇ ಬಂಗಾಳದ ಉತ್ತರಪಾರಾದಿಂದ ಅಂಬಾಸಿಡರ್ ಹೊರಬಂತು. ಅದರ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಇನ್ನೊಂದು ಕಡೆ ಇಟಲಿಯ ಫಿಯೆಟ್ 1100 ಮುಂಬೈಯಲ್ಲಿ ತಯಾರಾಗಿ, 1974ರಿಂದ ಪ್ರೀಮಿಯರ್ ಪದ್ಮಿನಿ ಅನ್ನಿಸಿಕೊಂಡಿತು.
ಒಂದು ಸೋಜಿಗ ಕೇಳ್ರಿ. ಅಂಬಾಸಿಡರ್ ತಯಾರಿಕೆ ನಿಂತದ್ದು 2014ರ ಮೇ ತಿಂಗಳಲ್ಲಿ. ಅದೇ ವರ್ಷ ನವೆಂಬರ್ 1ಕ್ಕೆ ‘ಗುಲ್ಬರ್ಗಾ’ ಅಧಿಕೃತವಾಗಿ ‘ಕಲಬುರಗಿ’ ಆಯ್ತು. ಅಂದ್ರೆ ಫ್ಯಾಕ್ಟರಿ ನಡೆಯೋ ಕಾಲದಲ್ಲಿ ಈ ಊರಲ್ಲಿ ಓಡಿದ ಅಂಬಾಸಿಡರ್‌ಗಳೆಲ್ಲ ಗುಲ್ಬರ್ಗಾದ ಕಾರುಗಳೇ!

(3/6)
ಈಗ ಗೇರ್ ಬಾಕ್ಸಿನ ಒಳಗೆ ನೋಡ್ರಿ. ಮೊದಮೊದಲ ಕಾರುಗಳಲ್ಲಿ ಗೇರ್ ಬದಲಿಸೋದು ಒಂದು ಕಸರತ್ತು. ಎರಡು ಹಲ್ಲಿನ ಚಕ್ರಗಳ ವೇಗ ಹೊಂದದಿದ್ರೆ ‘ಕರ್ರ್’ ಅಂತ ಕಚ್ಚಾಡ್ತಿದ್ವು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಇದಕ್ಕೆ ಸಿಂಕ್ರೊಮೆಶ್ ಅನ್ನೋ ಉಪಾಯ ತಂತು. ನಮ್ಮ ಹಳೇ ಕಾರುಗಳಲ್ಲಿ ಆ ಕೆಲಸ ಮಾಡೋದು ಹಿತ್ತಾಳೆಯಂಥ ಲೋಹದ ಉಂಗುರ. ಗೇರ್ ಹಾಕುವಾಗ ಅದು ಚಕ್ರಕ್ಕೆ ಉಜ್ಜಿ, ಎರಡರ ವೇಗ ಒಂದು ಮಾಡ್ತದ. ನೆನಪಿಡ್ರಿ: ಈ ಉಂಗುರಕ್ಕೆ ಎಣ್ಣೆಯೂ ಬೇಕು, ಹಿಡಿತವೂ ಬೇಕು. ಎಣ್ಣೆ ಅತಿ ಜಾರಿದ್ರೆ ಹಿಡಿತ ಹೋಯ್ತು.

(4/6)
ತಕರಾರು ಶುರುವಾಗೋದು ಕಾರಿನ ಹಿಂದಿನ ಆಕ್ಸಲ್‌ನಿಂದ. 1920ರ ದಶಕದಲ್ಲಿ ಪ್ಯಾಕರ್ಡ್ ಕಾರುಗಳಿಗೆ ಹೈಪಾಯ್ಡ್ ಗೇರ್ ಬಂತು. ಅದರ ಹಲ್ಲುಗಳು ಒಂದರ ಮೇಲೊಂದು ಭಾರ ಹೇರಿ ಜಾರ್ತವೆ. ಸಾದಾ ಎಣ್ಣೆ ಆ ಒತ್ತಡ ತಡೆಯೂದಿಲ್ಲ. ಅದಕ್ಕೇ ಗಂಧಕ, ರಂಜಕ ಬೆರೆಸಿದ ‘ಇಪಿ’ ಎಣ್ಣೆ ಮಾಡಿದ್ರು. ಬಿಸಿ ಏರಿದಾಗ ಅದು ಉಕ್ಕಿನ ಮೇಲೆ ತೆಳು ಪದರ ಕಟ್ಟಿ ಹಲ್ಲು ಕಾಯ್ತದ. ಡಬ್ಬಿ ಮೇಲಿನ ಜಿಎಲ್-4, ಜಿಎಲ್-5 ಈ ಬಲದ ಅಳತೆ. ಜಿಎಲ್-5ನಲ್ಲಿ ಈ ಬೆರಕೆ ಸಾಮಾನ್ಯವಾಗಿ ಹೆಚ್ಚು.
ಉಕ್ಕು ಕಾಯೋ ಗಂಧಕವೇ ತಾಮ್ರ, ಹಿತ್ತಾಳೆಯನ್ನ ತಿನ್ನಬಹುದು. ಎಲ್ಲ ಜಿಎಲ್-5 ಎಣ್ಣೆನೂ ಹಂಗೇ ಅಂತಲ್ಲ. ಆದರೆ ‘5 ದೊಡ್ಡದು, ರೊಕ್ಕನೂ ಜಾಸ್ತಿ, ಅದೇ ಹಾಕೋಣ’ ಅಂತ ಗೇರ್ ಬಾಕ್ಸಿಗೆ ಸುರಿಯೋದು ಪ್ರೀತಿಯಿಂದ ಮಾಡೋ ತಪ್ಪು. ಆಕ್ಸಲ್ ಬೇರೆ, ಗೇರ್ ಬಾಕ್ಸ್ ಬೇರೆ. ಫ್ಯಾಕ್ಟರಿ ಮುಚ್ಚಿದ ಕಾರಿಗೆ ಒಂದು ಉಂಗುರ ಹೋದ್ರೆ ಹೊಸಾದು ಹುಡುಕೋಕೆ ಎಷ್ಟು ಗುಜರಿ ತಿರುಗಬೇಕು, ನೀವೇ ಹೇಳ್ರಿ.

(5/6)
ಇನ್ನೊಂದು ಗೊಂದಲ ದಪ್ಪದ್ದು. ಡಬ್ಬಿ ಮೇಲೆ ‘90’ ನೋಡಿ ಅದು 40 ನಂಬರಿನ ಎಂಜಿನ್ ಆಯಿಲ್‌ಗಿಂತ ಎರಡು ಪಟ್ಟು ದಪ್ಪ ಅಂತ ತಿಳೀಬ್ಯಾಡ್ರಿ. ಎರಡಕ್ಕೂ ಅಳತೆಗೋಲೇ ಬೇರೆ. 100 ಡಿಗ್ರಿ ಬಿಸಿಯಲ್ಲಿ 90ರ ಗೇರ್ ಆಯಿಲ್, ಹೆಚ್ಚು-ಕಮ್ಮಿ 40ರಿಂದ 50ರ ಎಂಜಿನ್ ಆಯಿಲ್‌ನಷ್ಟೇ ದಪ್ಪ. ಮಾರಿಸ್ ಮೈನರ್, ಎಂಜಿಬಿಯಂಥ ಬ್ರಿಟಿಷ್ ಕಾರುಗಳ ಗೇರ್ ಬಾಕ್ಸಿಗೆ ಎಂಜಿನ್ ಆಯಿಲ್ಲೇ ಹಾಕ್ರಿ ಅಂತ ಕಂಪನಿ ಹೇಳಿತ್ತು. ನಮ್ಮ ಕಾರುಗಳಲ್ಲೂ ಮಾಡೆಲ್ ಬದಲಾದಂಗ ಗೇರ್ ಬಾಕ್ಸ್ ಬದಲಾಗಿದೆ: 1990ರ ದಶಕದಲ್ಲಿ ಇಸುಜು ಎಂಜಿನ್ ಜೊತೆ ಅಂಬಾಸಿಡರ್‌ಗೆ ಐದು ಗೇರ್ ಬಂದವು. ಅದಕ್ಕೇ ಅಂಗಡಿಯವರನ್ನ ಕೇಳೋ ಮೊದಲು ನಿಮ್ಮ ಕಾರಿನ ವರ್ಷದ ಪುಸ್ತಕ ತೆಗೀರಿ.

(6/6)
ಕೆಲಸ ಹೆಂಗ ಮಾಡೋದು? ತಣ್ಣಗಿದ್ದಾಗ ಎಣ್ಣೆ ಪೂರ್ತಿ ಇಳಿಯೂದಿಲ್ಲ. ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋಗಿ, ಜಿಐ ಮಾನ್ಯತೆ ಪಡೆದ ಅಲ್ಲಿನ ಕೆಂಪು ಬಾಳೆಹಣ್ಣು ತಗೊಂಡು ಬರ್ರಿ. ಅಷ್ಟರಲ್ಲಿ ಎಣ್ಣೆ ಹದವಾಗಿ ಕಾದಿರ್ತದ. ಸಮನೆಲದಲ್ಲಿ ನಿಲ್ಲಿಸಿ; ಬರೀ ಜ್ಯಾಕ್ ನಂಬಿ ಕೆಳಗೆ ತೂರಬ್ಯಾಡ್ರಿ. ಸೈಲೆನ್ಸರ್ ಪೈಪ್ ಸುಡ್ತದ, ಹುಷಾರು.
ಮೊದಲು ಎಣ್ಣೆ ತುಂಬೋ ಬಿರಡೆ ಬಿಚ್ಚಿ, ಆಮೇಲೆ ಕೆಳಗಿನದು. ಮೇಲಿನದು ತುಕ್ಕು ಹಿಡಿದು ಬಿಚ್ಚದಿದ್ರೆ, ಖಾಲಿ ಗೇರ್ ಬಾಕ್ಸ್ ಇಟ್ಕೊಂಡು ಕೂಡಬೇಕಾಗ್ತದ! ಇಳಿದ ಎಣ್ಣೆ ಬೆಳಕಿಗೆ ಹಿಡೀರಿ. ಬೂದು ಬಣ್ಣದ ನುಣ್ಣನೆ ಕೆಸರು ಸಹಜ ಸವೆತ. ಬಂಗಾರದಂಗ ಮಿಂಚೋ ಚೂರು ಕಂಡ್ರೆ ಹಿತ್ತಾಳೆ ಉದುರ್ತಿದೆ ಅಂತ ಅರ್ಥ, ಮೆಕ್ಯಾನಿಕ್‌ಗೆ ತೋರಿಸ್ರಿ. ಹೊಸ ಎಣ್ಣೆ ಪುಸ್ತಕದಲ್ಲಿ ಹೇಳಿದ ಮಟ್ಟಕ್ಕೇ ನಿಲ್ಲಲಿ. ಹೆಚ್ಚಾದ್ರೆ ಸೀಲಿನಿಂದ ಸೋರ್ತದ. ಹಳೇದನ್ನ ಗಟಾರಕ್ಕೋ ಹೊಲಕ್ಕೋ ಚೆಲ್ಲಬ್ಯಾಡ್ರಿ, ಡಬ್ಬಿಗೆ ತುಂಬಿ ಹಳೇ ಆಯಿಲ್ ಸಂಗ್ರಹಿಸೋರಿಗೆ ಕೊಡ್ರಿ.
ಬಂಡಿಯ ಕಾಲದಲ್ಲೂ ಎಣ್ಣೆ ಹಾಕೋರು ಮೊದಲು ಕೀಲು ನೋಡ್ತಿದ್ರು. ನೀವೂ ಡಬ್ಬಿ ನೋಡೋ ಮೊದಲು ಗೇರ್ ಬಾಕ್ಸಿನ ವಯಸ್ಸು ನೋಡ್ರಿ.

#ಕಲಬುರಗಿ #ಕಮಲಾಪುರ #ಅಂಬಾಸಿಡರ್ #ಹಳೇಕಾರು