ಟೆಲಿಮೆಟ್ರಿ

ಗ್ರೀಕ್‌ನ ‘ಟೆಲೆ’ ಎಂದರೆ ದೂರ, ‘ಮೆಟ್ರಾನ್’ ಎಂದರೆ ಅಳತೆ. ‘ದೂರಮಾಪನ’ ಎಂಬ ಕನ್ನಡ ಪದವಿದ್ದರೂ ಬಾಯಲ್ಲಿ ನಿಂತದ್ದು ಟೆಲಿಮೆಟ್ರಿಯೇ. ಬೆಂಗಳೂರಿನ ಇಸ್ರೋ ಕೇಂದ್ರ ಇಸ್ಟ್ರಾಕ್‌ನ ಹೆಸರಲ್ಲೂ ಅದಿದೆ. ಚಿಟಗುಪ್ಪದ ಕಡೆಯ ರೈತರಿಗೆ ಇದು ಹತ್ತಿರವಾಗುವುದು ಮಳೆಮಾಪಕದಿಂದ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಿಲ್ಲಿಸಿದ ಯಂತ್ರಗಳು 15 ನಿಮಿಷಕ್ಕೊಮ್ಮೆ ಅಳತೆ ಕಳಿಸುತ್ತವೆ.

ಇಂಟರ್ನೆಟ್ಟಿನ ರೌಟರ್, ಸ್ವಿಚ್‌ಗಳೂ ಹೀಗೆಯೇ ದಟ್ಟಣೆ, ದೋಷ, ಬಿಸಿ ಎಷ್ಟೆಂದು ವರದಿ ಮಾಡುತ್ತಿರುತ್ತವೆ. ಇಂಥ ವರದಿಗಳ ಹಳೆಯ ದಾಖಲೆಯನ್ನು ತೆಗೆದು ಓದಲು ಈಗ ಎಐ ಏಜೆಂಟ್‌ಗಳಿಗೂ ಸಾಧನಗಳಿವೆ. ಅಂಥ ಸಾಧನದ ವಿವರಣೆ ಬರೆಯುವವರು ಒಂದು ಮಾತನ್ನು ಬಿಡಲೇಬಾರದು: ಸೊನ್ನೆಯೂ ಖಾಲಿಯೂ ಒಂದಲ್ಲ. ಮಳೆಮಾಪಕವನ್ನೇ ನೋಡಿ: ಅದು ಸೊನ್ನೆ ಕಳಿಸಿದರೆ ಮಳೆ ಬಿದ್ದಿಲ್ಲ. ಏನೂ ಕಳಿಸದಿದ್ದರೆ ಮಾಪಕವೇ ಕೆಟ್ಟಿರಬಹುದು. ತೊಗರಿ ಬಿತ್ತಿ ಮುಗಿಲು ನೋಡುವವನಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಸಮಯದ ಮಾತೂ ಅಷ್ಟೇ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ ಶುರುವಾಗುವುದು ಬೆಳಿಗ್ಗೆ 8:30ಕ್ಕೆ. ವಿಶ್ವ ಸಮಯವಾದ ಯುಟಿಸಿಯಲ್ಲಿ ಆಗ 3 ಗಂಟೆ. ‘ನಿನ್ನೆಯದು ಕೊಡು’ ಎಂದರೆ ಯಾವ ಗಂಟೆಯಿಂದ ಯಾವ ಗಂಟೆಯವರೆಗೆ? ಕಾಲವಲಯವನ್ನು ವಿವರಣೆಯ ಮೊದಲ ಸಾಲಿನಲ್ಲೇ ಬರೆಯಬೇಕೆಂಬುದು ನನ್ನ ಹಟ.