ಇಳಿತದ ಹಾಡು ಮತ್ತು ಕಾಲುವೆಯ ನಾಡು

ಸಿಂಧನೂರು ಸೀಮೆಯಲ್ಲಿ ‘ಕ್ಯಾಂಪ್’ ಎನ್ನುವುದು ಕನ್ನಡದ್ದೇ ಪದ ಎನ್ನುವಷ್ಟು ಬಳಕೆಯಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಆಂಧ್ರದ ಕರಾವಳಿಯಿಂದ ಬಂದ ರೈತರು ಕಟ್ಟಿಕೊಂಡ ಕ್ಯಾಂಪುಗಳು ಒಂದು ಬಗೆಯವು. ಆರ್.ಎಚ್. ಕ್ಯಾಂಪುಗಳ ಕತೆ ಬೇರೆ. ಆ ಎರಡು ಅಕ್ಷರಗಳಲ್ಲಿ ಇರುವುದು ‘ರಿಹ್ಯಾಬಿಲಿಟೇಶನ್’, ಅಂದರೆ ಪುನರ್ವಸತಿ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳನ್ನು ಸರ್ಕಾರ ಇಲ್ಲಿ ನೆಲೆಗೊಳಿಸಿತು. ಅವರಲ್ಲಿ ನಾಮಶೂದ್ರ ಸಮುದಾಯದ ರೈತರೇ ಬಹಳ.

ಈ ಪಯಣ ಒಂದು ದಿನದ್ದಲ್ಲ. 1947ರ ವಿಭಜನೆ, 1950 ಮತ್ತು 1964ರ ಗಲಭೆಗಳು ಜನರನ್ನು ಅಲೆ ಅಲೆಯಾಗಿ ಗಡಿ ದಾಟಿಸಿದವು. ಪಶ್ಚಿಮ ಬಂಗಾಳದಲ್ಲಿ ಜಾಗ ಸಾಲದೆ 1958ರಲ್ಲಿ ದಂಡಕಾರಣ್ಯ ಯೋಜನೆ ಆರಂಭವಾಯಿತು. ರಾಯಪುರದ ಬಳಿಯ ಮಾನಾ ಶಿಬಿರದಂಥ ತಂಗುದಾಣಗಳಲ್ಲಿ ಜನ ಕಾಯುತ್ತ ಕುಳಿತರು, ಅಲ್ಲಿಂದ ಬೇರೆ ಬೇರೆ ರಾಜ್ಯಗಳಿಗೆ ಚದುರಿದರು. ದೋಣಿ, ಕಾಲ್ನಡಿಗೆ, ರೈಲು, ಲಾರಿ ಎಲ್ಲ ಮುಗಿದ ಮೇಲೆ ಕಂಡದ್ದು ರಾಯಚೂರಿನ ಎರೆಭೂಮಿ. ಇಷ್ಟು ದಣಿದ ಪಯಣಿಗರು ತಮ್ಮೊಂದಿಗೆ ಯಾವ ಹಾಡನ್ನು ತಂದಿರಬಹುದು?

ಅವರು ಬಿಟ್ಟುಬಂದ ನಾಡಿನಲ್ಲಿ ದಣಿವಿಗೆಂದೇ ಹುಟ್ಟಿದ ಒಂದು ಹಾಡಿನ ಬಗೆ ಇದೆ. ಅದರ ಹೆಸರು ಭಟಿಯಾಲಿ. ಬಂಗಾಳಿಯಲ್ಲಿ ‘ಭಾಟಾ’ ಎಂದರೆ ಇಳಿತ. ದೋಣಿ ಹೊಳೆಯ ಇಳಿತದ ಜೊತೆ ಸಾಗುವಾಗ ಅಂಬಿಗ ಹುಟ್ಟು ಹಾಕಬೇಕಿಲ್ಲ, ಚುಕ್ಕಾಣಿ ಹಿಡಿದು ಕುಳಿತರೆ ಸಾಕು. ಕೈಗೆ ಬಿಡುವು ಸಿಕ್ಕಾಗ ಕಂಠ ತೆರೆಯುತ್ತದೆ. ಆದ್ದರಿಂದಲೇ ಇದರಲ್ಲಿ ಬಿಗಿಯಾದ ತಾಳವಿಲ್ಲ. ಸ್ವರ ಎತ್ತರದಲ್ಲಿ ಎದ್ದು, ಉದ್ದಕ್ಕೆ ಎಳೆದುಕೊಂಡು, ನಿಧಾನವಾಗಿ ಕೆಳಗಿಳಿಯುತ್ತದೆ. ಅದೇ ನದಿಗಳ ‘ಸಾರಿ’ ಹಾಡುಗಳನ್ನು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಹಲವರು ಕೂಡಿ ಹುಟ್ಟು ಹಾಕುತ್ತಾರೆ, ಹುಟ್ಟಿನ ಪೆಟ್ಟೇ ತಾಳವಾಗುತ್ತದೆ. ನಮ್ಮ ಬೀಸುವ ಪದಗಳಿಗೂ ಒನಕೆ ಪದಗಳಿಗೂ ದುಡಿಮೆಯೇ ಲಯ ಕೊಟ್ಟಂತೆ.

ಭಟಿಯಾಲಿಯ ಅಂಬಿಗ ಬರಿಯ ಅಂಬಿಗನಲ್ಲ. ಎಷ್ಟೋ ಹಾಡುಗಳಲ್ಲಿ ಅವನು ಮನಸ್ಸು, ಇಲ್ಲವೇ ಗುರು. ದೋಣಿ ಎಂದರೆ ದೇಹ. ಕನ್ನಡದ ಕಿವಿಗೆ ಇದು ಹೊಸದಲ್ಲ. ಅಂಬಿಗರ ಚೌಡಯ್ಯ ಹನ್ನೆರಡನೆಯ ಶತಮಾನದಲ್ಲಿಯೇ ತನ್ನ ಕಸುಬಿನ ಹೆಸರಿನಲ್ಲಿ ವಚನ ನುಡಿದವನು. ಪುರಂದರದಾಸರೂ ಅಂಬಿಗನನ್ನು ಕರೆದು ಹಾಡಿದ್ದಾರೆ.

ಹೊಳೆಯ ಹಾಡು ಹೊಳೆ ಬಿಟ್ಟು ಬದುಕೀತೇ? ಸಿಲ್ಹೆಟ್ ಸೀಮೆಯ ಗಾಯಕ, ಚಿಂತಕ ಹೇಮಾಂಗ ಬಿಶ್ವಾಸ್ (1912–1987) ಶಾಸ್ತ್ರೀಯ ಸಂಗೀತದ ‘ಘರಾನಾ’ಕ್ಕೆ ಎದುರಾಗಿ ಜನಪದ ಸಂಗೀತಕ್ಕೆ ‘ಬಾಹಿರಾನಾ’ ಎಂಬ ಮಾತನ್ನು ಬಳಸಿದರು. ಜನಪದ ಹಾಡು ಕಲಿಯುವುದು ಮನೆತನದಲ್ಲಿ ಅಲ್ಲ, ಹೊರಗಿನ ಬಯಲಿನಲ್ಲಿ ಎಂಬುದು ಅದರ ಭಾವ. ಹಾಗಾದರೆ ಬಯಲೇ ಬದಲಾದವರ ಗತಿ ಏನು?

ಕುಮಿಲ್ಲಾದಲ್ಲಿ ಹುಟ್ಟಿದ ಸಚಿನ್ ದೇವ್ ಬರ್ಮನ್ ಇದಕ್ಕೆ ತಮ್ಮದೇ ಉತ್ತರ ಕೊಟ್ಟರು. ‘ಸುಜಾತಾ’ (1959) ಮತ್ತು ‘ಬಂದಿನಿ’ (1963) ಚಿತ್ರಗಳಲ್ಲಿ ಅವರು ಸ್ವತಃ ಹಾಡಿದ ಅಂಬಿಗನ ಹಾಡುಗಳಿವೆ. ‘ಗೈಡ್’ (1965) ಚಿತ್ರದಲ್ಲಿ ದೋಣಿಯೇ ಇಲ್ಲ. ಜೈಲಿನಿಂದ ಹೊರಬಂದ ರಾಜು ಗುರಿಯಿಲ್ಲದೆ ನಡೆಯುತ್ತಾನೆ, ಹಿನ್ನೆಲೆಯಲ್ಲಿ ಬರ್ಮನ್‌ರ ಕಂಠ ಆ ಪಯಣಿಗನನ್ನು ಮಾತನಾಡಿಸುತ್ತದೆ. ಮೈಸೂರಿನ ಆರ್.ಕೆ. ನಾರಾಯಣ್ ಬರೆದ ಕಾದಂಬರಿಯ ನಾಯಕನಿಗೆ ಪೂರ್ವ ಬಂಗಾಳದ ಹೊಳೆಯ ದನಿ ಜೊತೆಯಾಯಿತು. ನೀರಿನ ಹಾಡು ರಸ್ತೆಗೆ ಬಂದರೂ ಅದರ ನಿಧಾನ ಕೆಡಲಿಲ್ಲ.

ಆದರೆ ಈ ನಿಧಾನವನ್ನು ಸಂಗ್ರಹಿಸುವುದು ಸುಲಭವಲ್ಲ. ಅಬ್ಬಾಸುದ್ದೀನ್ ಅಹಮದ್ (1901–1959) ಭಟಿಯಾಲಿಯನ್ನು ಗ್ರಾಮಫೋನಿಗೆ ತಂದಾಗ ಒಂದು ತಟ್ಟೆಯ ಒಂದು ಮಗ್ಗುಲಿಗೆ ಸಿಗುತ್ತಿದ್ದದ್ದು ಸುಮಾರು ಮೂರು ನಿಮಿಷ. ಸಂಜೆಯುದ್ದಕ್ಕೂ ಹರಿಯುವ ಹಾಡು ಅಷ್ಟರಲ್ಲಿ ಮುಗಿಯಬೇಕಿತ್ತು. ಗಾಯಕಿ ಮೌಸುಮಿ ಭೌಮಿಕ್ 2003ರಿಂದ ಧ್ವನಿತಜ್ಞ ಸುಕಾಂತ ಮಜುಂದಾರ್ ಜೊತೆಗೂಡಿ ಕಟ್ಟಿರುವ ‘ಟ್ರಾವೆಲಿಂಗ್ ಆರ್ಕೈವ್’ ಬೇರೆ ದಾರಿ ಹಿಡಿದಿದೆ. ಅವರು ಬಾಂಗ್ಲಾದೇಶ, ಪಶ್ಚಿಮ ಬಂಗಾಳ, ಅಸ್ಸಾಂ, ಲಂಡನ್ನಿನ ಬಂಗಾಳಿ ಬಡಾವಣೆಗಳವರೆಗೂ ಹೋಗಿ ಹಾಡುಗಳನ್ನು ಧ್ವನಿಮುದ್ರಿಸಿದ್ದಾರೆ. ಹಾಡಿನ ಜೊತೆ ಹಾಡಿದವರ ಮಾತು, ಸ್ಥಳ, ಸುತ್ತಲಿನ ಸದ್ದು ಕೂಡ ಉಳಿಯುತ್ತದೆ. ವಲಸೆ ಹೋದ ಹಾಡಿಗೆ ಇಂಥ ಸಂಗ್ರಹವೇ ತಕ್ಕದ್ದು, ಏಕೆಂದರೆ ಎಲ್ಲಿ ನಿಂತು ಹಾಡಿದರು ಎನ್ನುವುದೂ ಆ ಹಾಡಿನ ಅರ್ಥದ ಭಾಗ.

ಕನ್ನಡಕ್ಕೂ ಸಂಗ್ರಹದ ಹಳೆಯ ಪರಂಪರೆ ಇದೆ. 1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಹೊರತಂದರು. ಆದರೆ ನಮ್ಮ ಜಾನಪದ ಸಂಗ್ರಹಗಳು ‘ಕರ್ನಾಟಕದ ಜನಪದ’ ಎಂದರೆ ಕನ್ನಡದ ಹಾಡು ಎಂದೇ ಬಗೆದು ಬೆಳೆದವು. ಅರ್ಧ ಶತಮಾನ ಇಲ್ಲಿ ಉತ್ತು ಬಿತ್ತಿ, ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿ, ಮನೆಯಲ್ಲಿ ಬಂಗಾಳಿ ಮಾತನಾಡುವವರ ಹಾಡು ಯಾವ ಸಂಪುಟಕ್ಕೆ ಸೇರಬೇಕು? ಪೌರತ್ವದ ಕಾಗದಕ್ಕಾಗಿ ದಶಕಗಳ ಕಾಲ ಕಾದವರಿಗೆ ಸಂಸ್ಕೃತಿಯ ದಾಖಲೆಯಲ್ಲಿಯೂ ಜಾಗ ಇಲ್ಲವೆಂದರೆ ಅದು ಎರಡನೆಯ ಗಡಿಪಾರು.

ನದಿಯನ್ನು ಕಣ್ಣಾರೆ ಕಂಡು ಬಂದ ಪೀಳಿಗೆ ಈಗ ಮುಪ್ಪಿನಲ್ಲಿದೆ. ಅವರ ಮೊಮ್ಮಕ್ಕಳು ಕಂಡಿರುವ ಹರಿವ ನೀರು ದೋಣಿಯಿಲ್ಲದ ಕಾಲುವೆಯದು. ಈ ಕೆಲಸಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಹಿರಿಯರ ಒಪ್ಪಿಗೆ, ಒಂದು ಒಳ್ಳೆಯ ಧ್ವನಿಮುದ್ರಕ, ಬಂಗಾಳಿ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬಲ್ಲ ಕ್ಯಾಂಪಿನದೇ ಇಬ್ಬರು ಮೂವರು ವಿದ್ಯಾರ್ಥಿಗಳು ಇದ್ದರೆ ಸಾಕು. ಹಾಡು ಪೂರ್ತಿ ಮುಗಿಯುವವರೆಗೂ ಯಂತ್ರ ನಿಲ್ಲಿಸದಷ್ಟು ತಾಳ್ಮೆಯೂ ಬೇಕು.