ಈಜಿ ಹೋಗೋ ಮೀನಿಗೆ ಒಡೆಯ ಯಾರು?

ಇವತ್ತಿನ ಕತೆ ಒಂದು ಬೋಟಿನಿಂದ ಶುರುವಾಗುತ್ತೆ. ಹೆಸರು ಜೀನೆಟ್ ಡಯಾನಾ. ಅಮೆರಿಕದ್ದು. ಟ್ಯೂನಾ ಮೀನು ಹಿಡಿಯೋ ಪರ್ಸೀನ್ ಬೋಟು. ಮಲ್ಪೆ, ಮಂಗಳೂರು ಕಡೆಯವರಿಗೆ ಪರ್ಸೀನ್ ಅಂದ್ರೆ ಗೊತ್ತಿರುತ್ತೆ. ಮೀನಿನ ಹಿಂಡಿನ ಸುತ್ತ ಬಲೆ ಬಿಟ್ಟು, ಕೆಳಗಿನ ಹಗ್ಗ ಎಳೆದು, ಚೀಲದ ಬಾಯಿ ಬಿಗಿದ ಹಾಗೆ ಮುಚ್ಚಿಬಿಡೋದು. ಆದರೆ ಇದರ ಅಳತೆಯೇ ಬೇರೆ. ಹಿಂಡು ಎಲ್ಲಿದೆ ಅಂತ ಹುಡುಕೋಕೆ ಈ ಬೋಟಿನ ಮೇಲೆ ಒಂದು ಹೆಲಿಕಾಪ್ಟರೇ ಇತ್ತು.

1984ರ ಜೂನ್. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ಗಸ್ತು ದೋಣಿ ಈ ಬೋಟನ್ನ ಹಿಡಿದು ದಡಕ್ಕೆ ತಂತು. ತಪ್ಪೇನು? ಲೈಸೆನ್ಸ್ ಇಲ್ಲದೆ ನಮ್ಮ ಸಮುದ್ರದಲ್ಲಿ ಮೀನು ಹಿಡಿದಿದ್ದೀರಿ ಅಂತ. ಕೋರ್ಟು ದಂಡ ಹಾಕಿತು, ಬೋಟನ್ನೂ ಜಪ್ತಿ ಮಾಡಿತು.

ಆಗ ಸಾಲೊಮನ್ ದ್ವೀಪಗಳಿಗೆ ಸ್ವಾತಂತ್ರ್ಯ ಬಂದು ಇನ್ನೂ ಆರು ವರ್ಷ. ಜನಸಂಖ್ಯೆ ಮೂರು ಲಕ್ಷವೂ ಇಲ್ಲ. ಆ ಕಡೆ ಅಮೆರಿಕ! ಅದು ತಿರುಗಿ ಏನು ಮಾಡಿತು ಗೊತ್ತಾ? ಸಾಲೊಮನ್ ದ್ವೀಪಗಳ ಮೀನು ನಮ್ಮ ದೇಶಕ್ಕೆ ಬರೋದೇ ಬೇಡ ಅಂತ ಆಮದು ನಿಷೇಧ ಹಾಕಿತು. ಮೀನು ಮಾರಿ ಬದುಕೋ ದೇಶಕ್ಕೆ ಇದು ಸಣ್ಣ ಪೆಟ್ಟಲ್ಲ.

ಅಮೆರಿಕದ ವಾದ ಏನಿತ್ತು ಅಂತ ಸ್ವಲ್ಪ ನೋಡೋಣ. 1982ರಲ್ಲಿ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಬಂತು. ದಡದಿಂದ 200 ನಾಟಿಕಲ್ ಮೈಲಿ, ಅಂದ್ರೆ ಸುಮಾರು 370 ಕಿಲೋಮೀಟರ್ ತನಕ ಮೀನಿನ ಹಕ್ಕು ಆಯಾ ದೇಶದ್ದು ಅಂತ ಅದರಲ್ಲಿತ್ತು. ಅಮೆರಿಕ ಅದಕ್ಕೆ ಸಹಿ ಹಾಕಲಿಲ್ಲ. ಹಾಗಂತ 200 ಮೈಲಿ ಬೇಡ ಅಂತಲೂ ಅನ್ನಲಿಲ್ಲ. 1983ರಲ್ಲಿ ಅಧ್ಯಕ್ಷ ರೇಗನ್ ತಮ್ಮ ದೇಶಕ್ಕೂ 200 ಮೈಲಿ ಘೋಷಿಸಿಕೊಂಡರು. ಆದರೆ ಒಂದು ಮೀನನ್ನ ಮಾತ್ರ ಹೊರಗಿಟ್ಟರು. ಅದೇ ಟ್ಯೂನಾ. ಯಾಕಂದ್ರೆ ಟ್ಯೂನಾ ಒಂದು ಕಡೆ ನಿಲ್ಲಲ್ಲ, ಸಾವಿರಾರು ಮೈಲಿ ಓಡಾಡುತ್ತೆ. ಓಡಾಡೋ ಮೀನಿಗೆ ಯಾವ ದೇಶವೂ ಒಡೆಯ ಅಲ್ಲ, ಹಿಡಿದವನದೇ ಮೀನು ಅನ್ನೋದು ವಾದ. ಬೇರೆ ದೇಶದವರು ಬೋಟು ಹಿಡಿದು ದಂಡ ಹಾಕಿದ್ರೆ, ಆ ದುಡ್ಡನ್ನ ಮಾಲೀಕರಿಗೆ ಸರ್ಕಾರವೇ ತುಂಬಿಕೊಡೋ ಕಾನೂನೂ ಅಲ್ಲಿತ್ತು!

ದ್ವೀಪದ ಜನಕ್ಕೆ ಈ ವಾದ ವಿಚಿತ್ರವಾಗಿ ಕಾಣೋದು ಸಹಜ. ಅವರಲ್ಲಿ ದಡದ ಹವಳದ ದಿಬ್ಬಗಳಿಗೆ, ಒಳಗಿನ ತಿಳಿನೀರಿನ ಲಗೂನ್‌ಗಳಿಗೆ ತಲೆಮಾರುಗಳಿಂದ ಒಡೆತನ ಇದೆ. ಇಂಥ ಜಾಗ ಇಂಥ ಕುಲದ್ದು ಅಂತ. ಇನ್ನೊಬ್ಬರು ಅಲ್ಲಿ ಮೀನು ಹಿಡೀಬೇಕಾದ್ರೆ ಕೇಳಿಯೇ ಹಿಡೀಬೇಕು. 1973ರಲ್ಲಿ ಜಪಾನಿನ ಕಂಪನಿಯ ಜತೆ ಸೇರಿ ಸರ್ಕಾರ ಸಾಲೊಮನ್ ತೈಯೊ ಅನ್ನೋ ಮೀನು ಕಂಪನಿ ಕಟ್ಟಿತು. ಅದರ ಬೋಟುಗಳು ಗಾಳ ಹಾಕಿ ಟ್ಯೂನಾ ಹಿಡೀತಿದ್ದವು. ಟ್ಯೂನಾವನ್ನ ಹತ್ತಿರ ಸೆಳೆಯೋಕೆ ಜೀವಂತ ಸಣ್ಣ ಮೀನು ಬೇಕು. ಅದು ಸಿಗೋದು ಲಗೂನ್‌ಗಳಲ್ಲಿ, ರಾತ್ರಿ ದೀಪ ಬಿಟ್ಟರೆ. ಹಾಗೆ ಹಿಡಿದಿದ್ದಕ್ಕೆ ಆ ಲಗೂನಿನ ಒಡೆಯರಿಗೆ ಕಂಪನಿ ದುಡ್ಡು ಕೊಡಬೇಕಿತ್ತು. ಹಿಡಿಯೋ ಮುಂಚೆ ಕೇಳು, ಹಿಡಿದಿದ್ದಕ್ಕೆ ಕೊಡು. ಇಷ್ಟೇ ಅವರ ನಿಯಮ.

ಸರಿ, ಬೋಟಿನ ಕತೆಗೆ ವಾಪಸ್ ಬರೋಣ. 1985ರ ಆರಂಭದಲ್ಲಿ ಜೀನೆಟ್ ಡಯಾನಾವನ್ನ ಹಳೇ ಮಾಲೀಕರೇ ದುಡ್ಡು ಕೊಟ್ಟು ಬಿಡಿಸಿಕೊಂಡರು. ನಿಷೇಧವೂ ಹೋಯ್ತು. ಆದರೆ ಜಗಳ ಮುಗೀಲಿಲ್ಲ.

ಈಗ ಇನ್ನೊಂದು ದ್ವೀಪ ದೇಶ ಕತೆಯೊಳಗೆ ಬರುತ್ತೆ: ಕಿರಿಬಾಸ್. ನೆಲ ಬರೀ 811 ಚದರ ಕಿಲೋಮೀಟರ್, ಹೆಚ್ಚೂಕಡಿಮೆ ನಮ್ಮ ಬೆಂಗಳೂರು ನಗರದಷ್ಟು. ಸಮುದ್ರ ಮಾತ್ರ ಸುಮಾರು 35 ಲಕ್ಷ ಚದರ ಕಿಲೋಮೀಟರ್, ಇಡೀ ಭಾರತದ ನೆಲಕ್ಕಿಂತ ದೊಡ್ಡದು! ಅಮೆರಿಕದ ಬೋಟುಗಳು ದುಡ್ಡು ಕೊಡಲ್ಲ ಅಂದ್ರೆ, ಕೊಡೋರ ಹತ್ತಿರ ಹೋಗೋಣ ಅಂತ ಅಧ್ಯಕ್ಷ ಇಯೆರೆಮಿಯಾ ತಬಾಯ್ ನಿರ್ಧಾರ ಮಾಡಿದರು. 1985ರಲ್ಲಿ ಸೋವಿಯತ್ ಒಕ್ಕೂಟದ ಜತೆ ಒಂದು ವರ್ಷದ ಮೀನುಗಾರಿಕೆ ಒಪ್ಪಂದ ಆಯ್ತು. ದಡಕ್ಕೆ ಬರೋ ಹಾಗಿಲ್ಲ, ಬರೀ ಮೀನು ಹಿಡೀಬಹುದು ಅಂತ ಷರತ್ತು.

ಶೀತಲ ಸಮರದ ಕಾಲ ನೋಡಿ. ಪೆಸಿಫಿಕ್ ತನ್ನ ಅಂಗಳ ಅಂದುಕೊಂಡಿದ್ದ ಅಮೆರಿಕಕ್ಕೆ ಎಚ್ಚರ ಆಯ್ತು. 1987ರ ಏಪ್ರಿಲ್‌ನಲ್ಲಿ, ಪಪುವಾ ನ್ಯೂಗಿನಿಯ ರಾಜಧಾನಿ ಪೋರ್ಟ್ ಮೊರೆಸ್ಬಿಯಲ್ಲಿ, ದ್ವೀಪ ದೇಶಗಳ ಜತೆ ಅದು ಟ್ಯೂನಾ ಒಪ್ಪಂದಕ್ಕೆ ಸಹಿ ಹಾಕಿತು. ಐದು ವರ್ಷಕ್ಕೆ ಸುಮಾರು 6 ಕೋಟಿ ಡಾಲರ್. 1990ರಲ್ಲಿ ತನ್ನ ಕಾನೂನನ್ನೇ ತಿದ್ದಿ, ಟ್ಯೂನಾ ಕೂಡ 200 ಮೈಲಿಯ ಹಕ್ಕಿನೊಳಗೆ ಬರುತ್ತೆ ಅಂತ ಒಪ್ಪಿಕೊಂಡಿತು.

ಹಕ್ಕು ಸಿಕ್ತು. ನ್ಯಾಯವಾದ ಬೆಲೆ ಸಿಕ್ತಾ? ಇಲ್ಲ. ಒಂದು ದೇಶ ಶುಲ್ಕ ಏರಿಸಿದ್ರೆ ಬೋಟುಗಳು ಪಕ್ಕದ ದೇಶಕ್ಕೆ ಹೋಗಿಬಿಡಬಹುದು. ಮೀನಂತೂ ಎರಡೂ ಕಡೆ ಇದೆ. ಟ್ಯೂನಾ ಹೆಚ್ಚಿರೋ ಸಾಲೊಮನ್ ದ್ವೀಪಗಳು, ಕಿರಿಬಾಸ್, ನೌರು, ಪಲಾವ್, ತುವಾಲು, ಮಾರ್ಷಲ್ ದ್ವೀಪಗಳು, ಮೈಕ್ರೊನೇಷ್ಯಾ, ಪಪುವಾ ನ್ಯೂಗಿನಿ ಈ ಎಂಟು ದೇಶಗಳಲ್ಲಿ ತುವಾಲು ಬಿಟ್ಟು ಉಳಿದವು 1982ರಲ್ಲೇ ನೌರು ಒಪ್ಪಂದ ಮಾಡಿಕೊಂಡಿದ್ದವು, ತುವಾಲು ಆಮೇಲೆ ಸೇರಿಕೊಂಡಿತು. ಆ ಒಗ್ಗಟ್ಟಿಗೆ ನಿಜವಾದ ಬಲ ಬಂದಿದ್ದು 2007ರಲ್ಲಿ, ದಿನದ ಲೆಕ್ಕದ ಪದ್ಧತಿ ಶುರುವಾದ ಮೇಲೆ.

ಅದು ಹೀಗೆ. ವರ್ಷಕ್ಕೆ ಎಲ್ಲಾ ಬೋಟುಗಳೂ ಸೇರಿ ಎಷ್ಟು ದಿನ ಮೀನು ಹಿಡೀಬಹುದು ಅಂತ ಎಂಟೂ ದೇಶ ಕೂತು ಮಿತಿ ಹಾಕ್ತವೆ. ಆ ದಿನಗಳನ್ನ ಹಂಚಿಕೊಂಡು ಬೋಟುಗಳಿಗೆ ಮಾರ್ತವೆ. ಒಂದು ಕನಿಷ್ಠ ಬೆಲೆ, ಅದಕ್ಕಿಂತ ಕಮ್ಮಿಗೆ ಯಾರೂ ಕೊಡೋ ಹಾಗಿಲ್ಲ. 2015ರ ಹೊತ್ತಿಗೆ ಅದು ದಿನಕ್ಕೆ 8,000 ಡಾಲರ್ ಆಗಿತ್ತು. 2010ರಲ್ಲಿ ಎಂಟೂ ದೇಶಗಳಿಗೆ ಸೇರಿ ವರ್ಷಕ್ಕೆ ಸುಮಾರು 6 ಕೋಟಿ ಡಾಲರ್ ಬರ್ತಿತ್ತು. ಆ ದಶಕ ಮುಗಿಯೋ ಹೊತ್ತಿಗೆ ಅದು 50 ಕೋಟಿಯ ಹತ್ತಿರ ಹೋಯ್ತು. ಇವತ್ತು ಕಿರಿಬಾಸ್ ಸರ್ಕಾರದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಮೀನಿನ ಲೈಸೆನ್ಸಿಂದಲೇ ಬರುತ್ತೆ. ಅಲ್ಲಿನ ಶಾಲೆ, ಆಸ್ಪತ್ರೆ ನಡೆಯೋದು ಈ ದುಡ್ಡಲ್ಲಿ. ದಿನಕ್ಕೆ ಮಿತಿ ಇರೋದು ಮೀನಿಗೂ ಒಳ್ಳೇದಾಯ್ತು. ಈ ಭಾಗದ ಸ್ಕಿಪ್‌ಜ್ಯಾಕ್ ಟ್ಯೂನಾದ ಸಂತತಿ ಇನ್ನೂ ಗಟ್ಟಿಯಾಗಿದೆ.

ಇನ್ನೊಂದು ವಿಷಯ ಗಮನಿಸಿ. ಎಲ್ ನಿನೊ ವರ್ಷಗಳಲ್ಲಿ ಟ್ಯೂನಾ ಪೂರ್ವಕ್ಕೆ, ಕಿರಿಬಾಸ್ ಕಡೆಗೆ ಸರಿಯುತ್ತೆ. ಆಗ ಪಶ್ಚಿಮದ ದೇಶಗಳು ತಮ್ಮ ಪಾಲಿನ ದಿನಗಳನ್ನ ಪೂರ್ವದವರಿಗೆ ಮಾರಬಹುದು. ಮೀನು ಓಡಾಡುತ್ತೆ ಅಂತ ಅಮೆರಿಕ ಹೇಳಿದ್ದು ಸುಳ್ಳಲ್ಲ. ಹಾಗಾಗಿ ಅದು ಯಾರದ್ದೂ ಅಲ್ಲ ಅಂತ ಅವರು ಅಂದ್ರು. ಹಾಗಾಗಿ ಅದು ನಮ್ಮೆಲ್ಲರದ್ದು ಅಂತ ಇವರು ಅಂದ್ರು.

ಎಲ್ಲಾ ಸರಿಹೋಗಿದೆ ಅಂತಲ್ಲ. ಹಿಡಿಯೋದು ಇವತ್ತಿಗೂ ಹೆಚ್ಚಾಗಿ ಹೊರಗಿನವರ ಬೋಟುಗಳೇ. ಡಬ್ಬಿಗೆ ತುಂಬೋ ಕೆಲಸದಲ್ಲಿ ದೊಡ್ಡ ಪಾಲು ಥಾಯ್ಲೆಂಡಿನಂಥ ದೇಶಗಳಿಗೆ ಹೋಗುತ್ತೆ. ಸಮುದ್ರ ಬಿಸಿಯಾಗ್ತಾ ಹೋದ ಹಾಗೆ ಟ್ಯೂನಾ ಇನ್ನೂ ಪೂರ್ವಕ್ಕೆ ಸರಿದು, ಈ ದೇಶಗಳ 200 ಮೈಲಿ ದಾಟಿ ನಡುಸಮುದ್ರಕ್ಕೆ ಹೋಗಬಹುದು ಅಂತ ವಿಜ್ಞಾನಿಗಳು ಎಚ್ಚರಿಸ್ತಿದ್ದಾರೆ. ಹಾಗೇನಾದ್ರೂ ಆದ್ರೆ, 1984ರ ಅದೇ ಪ್ರಶ್ನೆ ಈ ಜನರ ಮುಂದೆ ಮತ್ತೆ ಬಂದು ನಿಲ್ಲುತ್ತೆ.